ತಂದೆಯ ಪತ್ರ, ರೈತನ ನೇಗಿಲು

ಮಗು ಹಟ ಮಾಡಿದರೆ ಹೆತ್ತವರನ್ನು ದೂರುವುದು ಲೋಕದ ರೂಢಿ. ಕರೆದರೆ ತಿರುಗಿ ನೋಡದ, ಒಂದೇ ಆಟವನ್ನು ದಿನವೆಲ್ಲ ಆಡುವ, ಅದು ತಪ್ಪಿದರೆ ತಲೆ ಚಚ್ಚಿಕೊಳ್ಳುವ ಮಗುವಿನ ತಾಯಿಗಂತೂ ಈ ದೂರು ಇಮ್ಮಡಿ. ಸ್ವಲೀನತೆ, ಎಂದರೆ ಆಟಿಸಂ, ಎಂಬ ಈ ಸ್ಥಿತಿಯ ಚರಿತ್ರೆಯಲ್ಲಿ ಆ ದೂರು ಹೇಗೆ ಹುಟ್ಟಿ ಹೇಗೆ ಬಿದ್ದುಹೋಯಿತೆಂಬುದನ್ನು ನಾನಿಲ್ಲಿ ಹೇಳಬಯಸುತ್ತೇನೆ.

1938ರಲ್ಲಿ ಅಮೆರಿಕದ ಮಿಸಿಸಿಪಿಯ ವಕೀಲರೊಬ್ಬರು ತಮ್ಮ ಮಗನ ನಡತೆಯನ್ನು ಕುರಿತು ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ 33 ಪುಟಗಳ ಪತ್ರ ಬರೆದರು. ಆ ಹುಡುಗನಿಗೆ ದುಂಡಗಿನ ಯಾವ ವಸ್ತು ಸಿಕ್ಕರೂ ಗಿರ್ರನೆ ತಿರುಗಿಸುವ ಗೀಳು. ನಮ್ಮ ಚನ್ನಪಟ್ಟಣದ ಅರಗಿನ ಬುಗುರಿ ದೊರೆತಿದ್ದರೆ ಅವನಿಗೆ ಹಬ್ಬವೇ ಆಗುತ್ತಿತ್ತು! 1943ರಲ್ಲಿ ಕ್ಯಾನರ್ 11 ಮಕ್ಕಳನ್ನು ವರ್ಣಿಸಿ ಬರೆದ ಪ್ರಸಿದ್ಧ ಲೇಖನದ ಮೊದಲನೆಯ ಬಾಲಕ ಇವನೇ. ತಂದೆಯೊಬ್ಬನ ಕಣ್ಣೇ ಒಂದು ಶಾಸ್ತ್ರಕ್ಕೆ ದಾರಿ ತೋರಿತು.

ಇದು ಹುಟ್ಟಿನಿಂದ ಬಂದದ್ದೆಂದೇ ಆ ಲೇಖನ ಹೇಳಿತ್ತು. ಆದರೂ 1949ರಲ್ಲಿ ಅದೇ ಕ್ಯಾನರ್ ಹೆತ್ತವರ ಮನಸ್ಸಿನ ಶೈತ್ಯವನ್ನು ಎತ್ತಿ ಆಡಿದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಆ ಆರೋಪವನ್ನು ದೊಡ್ಡ ಪುಸ್ತಕವಾಗಿ ಬೆಳೆಸಿದರು. ಇದಕ್ಕೆ ಉತ್ತರ ಕೊಟ್ಟವರೂ ಇಂಥ ಮಗುವಿನ ತಂದೆಯೇ: ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಷ್ಟು ಮೊದಲೇ ಇದು ಮಿದುಳಿನ ರಚನೆಗೆ ಸಂಬಂಧಿಸಿದ್ದೆಂದು ವಾದಿಸಿದ್ದರು. 1969ರಲ್ಲಿ ಕ್ಯಾನರ್ ಹೆತ್ತವರ ಸಭೆಯಲ್ಲಿಯೇ ಅವರನ್ನು ನಿರ್ದೋಷಿಗಳೆಂದು ಸಾರಿದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿ ಅನುವಂಶೀಯತೆಯ ಪಾತ್ರವನ್ನು ತೋರಿಸಿದರು.

ಹಾಗಾದರೆ ಸಾಕುವ ರೀತಿಗೆ ಬೆಲೆಯಿಲ್ಲವೆ? ಉಂಟು. ಕಾರಣ ಬೇರೆ, ಆರೈಕೆ ಬೇರೆ. 1942ರಲ್ಲಿ ಆ ಮೊದಲ ಬಾಲಕನನ್ನು ಒಬ್ಬ ರೈತ ದಂಪತಿಗಳ ಬಳಿ ಇರಿಸಲಾಯಿತು. ಅವನಿಗೆ ಅಳೆಯುವ ಹುಚ್ಚು; ಬಾವಿ ತೋಡಿಸಿ ಆಳವನ್ನು ಹೇಳೆಂದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ಉಳುತ್ತ ಎಣಿಸೆಂದು ನೇಗಿಲು ಕೊಟ್ಟರು. ಸತ್ತ ಹಕ್ಕಿಗಳನ್ನು ಕೂಡಿಡುತ್ತಿದ್ದ. ಅವನ್ನು ಹೂಳಲು ಜಾಗವನ್ನೇ ಬಿಟ್ಟರು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್, ಹುಡುಗ ಕುದುರೆ ಕಟ್ಟಿ ಉಳುವುದನ್ನು ಕಂಡು ಬೆರಗಾದರು. ಆ ದಂಪತಿಗಳು ಗೀಳನ್ನು ಬಡಿದು ಬಿಡಿಸಲಿಲ್ಲ, ಅದಕ್ಕೊಂದು ಗುರಿ ಕೊಟ್ಟರು. ಮುಂದೆ ಆತ ಬ್ಯಾಂಕಿನಲ್ಲಿ ದುಡಿದು, 2023ರವರೆಗೆ ಬಾಳಿದ.

ನಮ್ಮ ದೇಶದಲ್ಲಿ ಕಾನೂನು ನಿಧಾನವಾಗಿ ಬಂದಿತು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಕಾಯಿದೆ ಅದನ್ನು ಹೆಸರಿಸಿತು, 2016ರ ಕಾಯಿದೆ ಪಟ್ಟಿಗೆ ಸೇರಿಸಿತು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ರಾಮನಗರ, ಕನಕಪುರ, ಮಾಗಡಿಗಳಿಗೆ ಒಂದು ಬಸ್ಸಿನ ದೂರ. ಆದರೆ ಬಸ್ಸಿಳಿದು ಮನೆಗೆ ಬಂದ ಮೇಲೆ ಮಗುವಿನೊಡನೆ ಕಳೆಯುವ ದಿನವೇ ದೀರ್ಘವಾದದ್ದು. ರಾಗಿಯ ಸಾಲಿನಲ್ಲಿ, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವಲ್ಲಿ, ಬಣ್ಣದ ಬೊಂಬೆಗಳನ್ನು ಜೋಡಿಸುವಲ್ಲಿ ಇಂಥ ಮಗುವಿಗೂ ಒಂದು ಎಡೆ ದೊರೆಯಬಹುದು. ಎಲ್ಲ ಮಕ್ಕಳಿಗೂ ಒಂದೇ ಕೆಲಸ ಒಗ್ಗದು. ಯಾವುದು ಒಗ್ಗೀತೆಂದು ನೋಡುವ ತಾಳ್ಮೆ ಮಾತ್ರ ಎಲ್ಲ ಮನೆಗಳಲ್ಲಿಯೂ ಬೇಕು. ಪೆಟ್ಟು ಮಗುವಿಗೆ ಭಯವನ್ನು ಕಲಿಸುತ್ತದೆ, ಮಾತನ್ನು ಕಲಿಸುವುದಿಲ್ಲ. ನೆರೆಹೊರೆಯವರ ದೂರು ತಾಯಿಗೆ ಕಲಿಸುವುದೂ ಅಷ್ಟೇ.