ಹಬ್ಬ ನೋಡಲು ಯಾವ ಊರು?

ಹಬ್ಬದ ದಿನ ಮನೆ ಬಿಟ್ಟು ಹೋಗಬಾರದು ಎನ್ನುತ್ತಿದ್ದರು ಹಿರಿಯರು. ಆದರೆ ಕೆಲವು ಹಬ್ಬಗಳು ಹೊಸ್ತಿಲು ದಾಟಿ, ಬೀದಿಗಿಳಿದು, ಇಡೀ ಊರಿನವಾಗಿವೆ. ಅಂಥ ಹಬ್ಬವನ್ನು ಅದು ಬೇರುಬಿಟ್ಟ ಊರಿನಲ್ಲೇ ಒಮ್ಮೆಯಾದರೂ ನೋಡಬೇಕು. ಸಾಧ್ಯವಾದರೆ ಮುಖ್ಯ ದಿನಕ್ಕಿಂತ ಮೊದಲೇ ಹೋಗಬೇಕು. ಮೆರವಣಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಕಟ್ಟಿ ನಿಲ್ಲಿಸುವ ಜನ ಕಾಣಸಿಗುವುದು ತಯಾರಿಯ ದಿನಗಳಲ್ಲಿ.

ನವರಾತ್ರಿ: ಮೈಸೂರು ಮತ್ತು ಕೋಲ್ಕತ್ತ

ವಿಜಯನಗರದ ಅರಸರು ನಡೆಸುತ್ತಿದ್ದ ಮಹಾನವಮಿ ಉತ್ಸವವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದರು. ಮುಂದೆ ಅದು ಮೈಸೂರಿನದಾಗಿ, ಇಂದು ನಾಡಹಬ್ಬವಾಗಿದೆ. ವಿಜಯದಶಮಿಯಂದು ಸುಮಾರು 750 ಕೆ.ಜಿ. ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡೆಯುತ್ತದೆ. ಹಿಂದೆ ಮಹಾರಾಜರು ಕೂರುತ್ತಿದ್ದ ಅಂಬಾರಿಯಲ್ಲಿ ಈಗ ತಾಯಿ ಚಾಮುಂಡೇಶ್ವರಿಯ ಮೂರ್ತಿ ಇರುತ್ತದೆ. ಅಂದು ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು.

ಆನೆಗಳು ಕಾಡಂಚಿನ ಶಿಬಿರಗಳಿಂದ ವಾರಗಳ ಮೊದಲೇ ಮೈಸೂರಿಗೆ ಬರುತ್ತವೆ. ಮೊದಲು ಬರಿಯ ನಡಿಗೆ, ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ: ಹೀಗೆ ಮೆರವಣಿಗೆಯ ದಾರಿಯಲ್ಲೇ ತಾಲೀಮು ನಡೆಯುತ್ತದೆ. ಜಂಬೂಸವಾರಿ ಎನ್ನುವ ಆ ಮೆರವಣಿಗೆಯ ದಿನ ಜನಜಂಗುಳಿಯಲ್ಲಿ ದೂರದಿಂದ ಆನೆಯ ಬೆನ್ನಷ್ಟೇ ಕಂಡೀತು. ತಾಲೀಮಿನ ದಿನ ಆನೆಯ ನಡೆ, ಮಾವುತ ಅದರೊಡನೆ ಆಡುವ ಮಾತು ಎಲ್ಲವೂ ಹತ್ತಿರದಿಂದ ಸಿಗುತ್ತವೆ. ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ಮೇಲು. ಪರಿಚಯದ ಮನೆಯಿದ್ದರೆ ಪಟ್ಟದ ಗೊಂಬೆಗಳನ್ನೂ ನೋಡಿ ಬನ್ನಿ. ಅರಮನೆಯ ದಸರಾ ಮನೆಮನೆಯದೂ ಆಗಿರುವುದು ಅಲ್ಲಿ ತಿಳಿಯುತ್ತದೆ.

ಅದೇ ದಿನಗಳಲ್ಲಿ ಕೋಲ್ಕತ್ತದಲ್ಲಿ ದುರ್ಗಾ ಪೂಜೆ. ಷಷ್ಠಿಯಿಂದ ದಶಮಿಯವರೆಗೆ ನಗರ ಮಲಗುವುದೇ ಇಲ್ಲ; ಜನ ರಾತ್ರಿಯಿಡೀ ಪೆಂಡಾಲಿನಿಂದ ಪೆಂಡಾಲಿಗೆ ನಡೆಯುತ್ತಾರೆ. ಯುನೆಸ್ಕೊ 2021ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ತಪ್ಪಿಸಿಕೊಳ್ಳಬಾರದ ಜಾಗ ಉತ್ತರ ಕೋಲ್ಕತ್ತದ ಕುಮಾರಟುಲಿ. ಬಿದಿರು, ಹುಲ್ಲು, ಮಣ್ಣಿನಿಂದ ಮೂರ್ತಿಗಳು ಎದ್ದು ನಿಲ್ಲುವ ಓಣಿಗಳಿವು. ಮಹಾಲಯ ಅಮಾವಾಸ್ಯೆಯಂದು ದೇವಿಗೆ ಕಣ್ಣು ಬರೆಯುವುದು ಸಂಪ್ರದಾಯ. ಒಂದೇ ವರ್ಷ ಎರಡೂ ಊರಿಗೆ ಓಡಿದರೆ ಎರಡೂ ಅರ್ಧವಾಗುತ್ತವೆ. ಒಂದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಿ.

ಕೃಷ್ಣಾಷ್ಟಮಿ: ಉಡುಪಿ

ಉಡುಪಿಯ ಅಷ್ಟಮಿಗೆ ಹೊರಡುವವರು ಮೊದಲು ಪಂಚಾಂಗ ನೋಡಬೇಕು. ಇಲ್ಲಿ ಸೌರಮಾನದ ಲೆಕ್ಕ. ನಾಡಿನ ಬೇರೆಡೆ ಹಬ್ಬ ಮುಗಿದ ಎಷ್ಟೋ ದಿನಗಳ ಮೇಲೆ ಇಲ್ಲಿ ಅಷ್ಟಮಿ ಬರುವುದುಂಟು. ಮೊದಲ ದಿನ ಉಪವಾಸ, ರಾತ್ರಿ ಅರ್ಘ್ಯ. ಮರುದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ನೆಟ್ಟ ಗುರ್ಜಿಗಳಿಗೆ ತೂಗುಹಾಕಿದ ಮೊಸರಿನ ಕುಡಿಕೆಗಳನ್ನು ಗೊಲ್ಲ ವೇಷದವರು ಕೋಲಿನಿಂದ ಒಡೆಯುತ್ತಾರೆ. ಮಣ್ಣಿನ ಕೃಷ್ಣನ ಮೂರ್ತಿ ಚಿನ್ನದ ರಥದಲ್ಲಿ ಸಾಗುತ್ತದೆ. ಆ ಮೂರ್ತಿಯನ್ನು ಬಳಿಕ ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ತಾಸೆಯ ಪೆಟ್ಟಿಗೆ ಕುಣಿಯುವ ಹುಲಿವೇಷ, ಪ್ರಸಾದದ ಚಕ್ಕುಲಿ, ಉಂಡೆ ಸೇರಿದರೆ ಕರಾವಳಿಯ ಅಷ್ಟಮಿ ಪೂರ್ಣ. ಭಕ್ತಿ ಮತ್ತು ಬೀದಿಯ ಉಲ್ಲಾಸ ಇಷ್ಟು ಸಲೀಸಾಗಿ ಬೆರೆತ ಹಬ್ಬ ಕರ್ನಾಟಕದಲ್ಲಿ ಮತ್ತೊಂದಿಲ್ಲವೆಂದೇ ನನ್ನ ಭಾವನೆ.

ಹೋಳಿ ಮತ್ತು ದೀಪಾವಳಿ

ಉತ್ತರ ಪ್ರದೇಶದ ಬರ್ಸಾನಾದ ಲಠ್‌ಮಾರ್ ಹೋಳಿ ಹುಣ್ಣಿಮೆಗೆ ಕೆಲವು ದಿನ ಮೊದಲೇ ನಡೆಯುತ್ತದೆ. ನಂದಗಾಂವ್‌ನ ಗಂಡಸರು ಗುರಾಣಿ ಹಿಡಿದು ಬಂದರೆ ಬರ್ಸಾನಾದ ಹೆಂಗಸರು ದೊಣ್ಣೆ ಬೀಸುತ್ತಾರೆ. ಅಷ್ಟು ದೂರ ಬೇಡವೆನ್ನುವವರಿಗೆ ಬಾಗಲಕೋಟೆಯಿದೆ. ಹಲಗೆಯ ಸದ್ದು, ಬ್ಯಾರೆಲ್ ತುಂಬ ಬಣ್ಣದ ನೀರು ಹೊತ್ತ ಬಂಡಿಗಳು, ಹಲವು ದಿನಗಳ ಓಕುಳಿ.

ದೀಪಾವಳಿಗೆ ಅಮೃತಸರ. ಗುರು ಹರಗೋಬಿಂದರು ತಮ್ಮೊಡನೆ 52 ರಾಜರನ್ನೂ ಗ್ವಾಲಿಯರ್ ಕೋಟೆಯ ಸೆರೆಯಿಂದ ಬಿಡಿಸಿ ತಂದರೆಂಬ ನೆನಪಿಗೆ ಸಿಖ್ಖರು ಅಂದು ಬಂದಿ ಛೋಡ್ ದಿವಸ ಆಚರಿಸುತ್ತಾರೆ. ಸ್ವರ್ಣಮಂದಿರದ ದೀಪಗಳು ಸರೋವರದಲ್ಲಿ ಪ್ರತಿಫಲಿಸುತ್ತವೆ. ರಜೆ ಸಿಗದವರು ಹದಿನೈದು ದಿನ ಕಳೆದು ಕಾರ್ತಿಕ ಹುಣ್ಣಿಮೆಗೆ ಕಾಶಿಗೆ ಹೋಗಬಹುದು. ಅಂದು ದೇವ ದೀಪಾವಳಿ, ಘಾಟ್‌ಗಳ ಮೆಟ್ಟಿಲುಗಳ ತುಂಬ ಹಣತೆ.

ರಂಜಾನ್, ಮೊಹರಂ, ಕ್ರಿಸ್‌ಮಸ್

ರಂಜಾನ್ ತಿಂಗಳ ರಾತ್ರಿಗಳಿಗೆ ಹೈದರಾಬಾದಿನ ಚಾರ್‌ಮಿನಾರ್ ಸುತ್ತಲಿನ ಬೀದಿಗಳೇ ಸರಿ. ಇಫ್ತಾರಿನ ಬಳಿಕ ಬಳೆ ಅಂಗಡಿಗಳೂ ಹಲೀಮ್ ಹಂಡೆಗಳೂ ತಡರಾತ್ರಿಯವರೆಗೆ ತೆರೆದಿರುತ್ತವೆ.

ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಬೇರೆಯದೇ ಅನುಭವ. ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಸೇರುತ್ತಾರೆ. ಹಸನ್‌, ಹುಸೇನರ ಕಥೆ ಕನ್ನಡದ ಪದಗಳಾಗಿ ಹಾಡಿಗೆ ಬರುತ್ತದೆ. ಇದು ಶೋಕದ ನೆನಪೂ ಹೌದೆಂಬುದನ್ನು ನೋಡಲು ಹೋದವರು ಮರೆಯಬಾರದು.

ಮಂಗಳೂರಿನ ಕ್ರಿಸ್‌ಮಸ್‌ ಎಂದರೆ ಅಂಗಳದ ಗೋದಲಿ, ನಡುರಾತ್ರಿಯ ಪೂಜೆ, ನೆರೆಮನೆಗೆ ಹೋಗುವ ಕುಸ್ವಾರ್ ತಿಂಡಿಗಳ ತಟ್ಟೆ.

ಹೊರಡುವ ಮುನ್ನ

ದಸರಾಕ್ಕೆ ಮೈಸೂರಿನಲ್ಲಿ, ಪೂಜೆಗೆ ಕೋಲ್ಕತ್ತದಲ್ಲಿ ಕೋಣೆ ಸಿಗುವುದು ಕಷ್ಟ. ತಿಂಗಳುಗಳ ಮೊದಲೇ ಕಾದಿರಿಸಿ. ಚಾಂದ್ರಮಾನದ ರಂಜಾನ್ ಮತ್ತು ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತವೆ, ಆದ್ದರಿಂದ ಹೋದ ವರ್ಷದ ದಿನಾಂಕ ನಂಬಿ ಟಿಕೆಟ್ ತೆಗೆಯಬೇಡಿ.