ರುಮಟಾಯ್ಡ್ ಸಂಧಿವಾತ: ಹೊಸ ಔಷಧಿ ಆರಂಭಿಸುವ ಮುನ್ನ

ಅಂಕೋಲಾ–ಯಲ್ಲಾಪುರ ಹೆದ್ದಾರಿಯಲ್ಲಿರುವ ರಾಮನಗುಳಿಯಂತಹ ಊರಿನ ಸಂಧಿವಾತ ರೋಗಿಗೆ ವೈದ್ಯರು ಹೊಸ ಔಷಧಿ ಸೂಚಿಸಿದಾಗ ಎದುರಾಗುವ ಪ್ರಶ್ನೆಗಳು ಎರಡು: ಮಾತ್ರೆ ಅಗತ್ಯವೇ? ಅದರ ಜೊತೆಗಿನ ರಕ್ತಪರೀಕ್ಷೆಗಳಿಗೆ ತಪ್ಪದೆ ಹೋಗಿಬರಲು ಸಾಧ್ಯವೇ?

ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆರಗುವ ಕಾಯಿಲೆ ಇದು. ನೋವಿನ ಮಾತ್ರೆ ಬಾಧೆಯನ್ನು ಶಮನಗೊಳಿಸುತ್ತದೆಯೇ ಹೊರತು ಕೀಲಿನ ಹಾನಿಯನ್ನು ತಡೆಯದು. ಹಾನಿಯಾದ ಕೀಲು ಮೊದಲಿನಂತಾಗದ ಕಾರಣ ವಿಳಂಬವೂ ಅಪಾಯಕರ.

ಸಾಮಾನ್ಯವಾಗಿ ಮೊದಲು ನೀಡುವ ಔಷಧಿ ಮೆಥೊಟ್ರೆಕ್ಸೇಟ್. ಸೇವನೆ ವಾರಕ್ಕೆ ಒಂದೇ ದಿನ. ತಪ್ಪಿ ಪ್ರತಿದಿನ ನುಂಗಿದರೆ ಪ್ರಾಣಾಪಾಯವಿದೆ. ಜೊತೆಗೆ ಫೋಲಿಕ್ ಆಮ್ಲ ನೀಡಲಾಗುತ್ತದೆ. ಗುಣ ಕಾಣಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಗರ್ಭಿಣಿಯರಿಗೆ ಇದು ನಿಷಿದ್ಧ. ಮದ್ಯಪಾನದಿಂದ ಯಕೃತ್ತಿಗೆ ಹಾನಿ ಹೆಚ್ಚು.

ಇದು ಸಾಲದಿದ್ದಾಗ ಬಯಾಲಾಜಿಕ್ ಚುಚ್ಚುಮದ್ದು ಅಥವಾ ಟೊಫಾಸಿಟಿನಿಬ್ ಮಾತ್ರೆಯನ್ನು ಪರಿಗಣಿಸಲಾಗುತ್ತದೆ. ಇವುಗಳಿಂದ ಸುಪ್ತ ಕ್ಷಯ ಮರುಕಳಿಸಬಹುದಾದ್ದರಿಂದ ಕ್ಷಯ ಮತ್ತು ಹೆಪಟೈಟಿಸ್ ಪರೀಕ್ಷೆ ಮೊದಲೇ ಆಗಬೇಕು. ಟೊಫಾಸಿಟಿನಿಬ್‌ನಿಂದ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯ ಸಂಭವವಿದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಎಚ್ಚರಿಸಿತು. ವೃದ್ಧರು, ಧೂಮಪಾನಿಗಳು, ಹೃದ್ರೋಗಿಗಳು ಇದನ್ನು ವೈದ್ಯರೊಂದಿಗೆ ಚರ್ಚಿಸಲೇಬೇಕು.

ಮೆಥೊಟ್ರೆಕ್ಸೇಟ್ ಆರಂಭಿಸಿದವರಿಗೆ ಮೊದಲ ತಿಂಗಳುಗಳಲ್ಲಿ 2ರಿಂದ 4 ವಾರಕ್ಕೊಮ್ಮೆ, ಬಳಿಕ ಸುಮಾರು 3 ತಿಂಗಳಿಗೊಮ್ಮೆ ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಆಗಬೇಕು. ಮಳೆಗಾಲದ ಪ್ರಯಾಣವನ್ನೂ ಲೆಕ್ಕಕ್ಕಿಟ್ಟು, ಅಂಕೋಲಾ ಅಥವಾ ಕಾರವಾರದಲ್ಲಿ ಪರೀಕ್ಷೆಯ ದಿನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಸಿರಾಟದ ತೊಂದರೆ ಕಂಡರೆ ಮುಂದಿನ ಮಾತ್ರೆಗೆ ಮುನ್ನವೇ ವೈದ್ಯರನ್ನು ಕಾಣಬೇಕು.