ಮೊಡವೆ ಔಷಧಿ ತೆಗೆದುಕೊಂಡರೆ ಹುಡುಗರ ಬೆಳವಣಿಗೆ ನಿಲ್ಲುತ್ತದೆಯೇ? ಇಲ್ಲಿದೆ ಸತ್ಯಾಂಶ

ಹೇಳಿಕೆ:
ಮೊಡವೆಗೆ ಔಷಧಿ ತೆಗೆದುಕೊಂಡರೆ ಗಂಡುಮಕ್ಕಳಿಗೆ ಮೀಸೆ ಬರುವುದಿಲ್ಲ, ಎತ್ತರ ನಿಲ್ಲುತ್ತದೆ, ಮುಂದೆ ಮಕ್ಕಳಾಗುವುದಿಲ್ಲ.

ಸತ್ಯಾಂಶ:
ಎಲ್ಲ ಮೊಡವೆ ಔಷಧಿಗಳೂ ಒಂದೇ ಅಲ್ಲ. ವೈದ್ಯರು ಹುಡುಗರಿಗೆ ಸಾಮಾನ್ಯವಾಗಿ ಬರೆದುಕೊಡುವ ಔಷಧಿಗಳು ಹರೆಯವನ್ನು ತಡೆಯುತ್ತವೆ ಎನ್ನಲು ಆಧಾರವಿಲ್ಲ. ಆದರೆ ಕೆಲವು ಎಚ್ಚರಿಕೆಗಳು ನಿಜ.

ಮೊಡವೆ ಬರುವುದು ಯಾಕೆ?
ಹುಡುಗರಲ್ಲಿ ಹರೆಯ ಸಾಮಾನ್ಯವಾಗಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ಆಗ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಚ್ಚಿ, ಚರ್ಮದ ಎಣ್ಣೆ ಗ್ರಂಥಿಗಳು ಜಾಸ್ತಿ ಎಣ್ಣೆ ಬಿಡುತ್ತವೆ. ರಂಧ್ರ ಕಟ್ಟಿಕೊಂಡು ಮೊಡವೆ ಏಳುತ್ತದೆ.

ಯಾವ ಔಷಧಿ ಏನು ಮಾಡುತ್ತದೆ?
• ಬೆಂಜಾಯಿಲ್ ಪೆರಾಕ್ಸೈಡ್, ಅಡಪಲೀನ್: ಚರ್ಮಕ್ಕೆ ಹಚ್ಚುವ ಔಷಧಿಗಳು. ಉರಿ, ಸಿಪ್ಪೆ ಏಳುವುದು ಇರಬಹುದು. ಹಾರ್ಮೋನಿನ ಮೇಲೆ ಕೆಲಸ ಮಾಡುವುದಿಲ್ಲ.
• ಡಾಕ್ಸಿಸೈಕ್ಲಿನ್: ಆ್ಯಂಟಿಬಯೋಟಿಕ್ ಮಾತ್ರೆ. ಇದೂ ಹಾರ್ಮೋನಿನ ಔಷಧಿಯಲ್ಲ.
• ಐಸೊಟ್ರೆಟಿನಾಯಿನ್: ತೀವ್ರ ಮೊಡವೆಗೆ ಕೊಡುವ ಕ್ಯಾಪ್ಸೂಲ್. ಎಣ್ಣೆ ಗ್ರಂಥಿಯನ್ನು ಕುಗ್ಗಿಸುತ್ತದೆ. ಹೆಚ್ಚು ಡೋಸ್‌ನಲ್ಲಿ ಬಹುಕಾಲ ತೆಗೆದುಕೊಂಡ ಕೆಲ ಮಕ್ಕಳಲ್ಲಿ ಮೂಳೆಯ ತುದಿ ಬೇಗ ಮುಚ್ಚಿಕೊಂಡ ಅಪರೂಪದ ವರದಿಗಳಿವೆ. ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ ಕೂಡ ವರದಿಯಾಗಿವೆ. ಕೆಲವರಲ್ಲಿ ಔಷಧಿ ಬಿಟ್ಟ ಮೇಲೂ ಉಳಿದಿವೆ. ಹೀಗಾಗಿ 2023ರಲ್ಲಿ ಬ್ರಿಟನ್ 18 ವರ್ಷದೊಳಗಿನವರಿಗೆ ನಿಯಮ ಬಿಗಿ ಮಾಡಿತು. ಇದನ್ನು ಚರ್ಮವೈದ್ಯರ ನಿಗಾದಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಗರ್ಭಿಣಿಯರು ತೆಗೆದುಕೊಳ್ಳಲೇಬಾರದು, ಶಿಶುವಿಗೆ ಗಂಭೀರ ಹಾನಿಯಾಗುತ್ತದೆ.
• ಸ್ಪಿರೊನೊಲ್ಯಾಕ್ಟೋನ್: ಗಂಡು ಹಾರ್ಮೋನನ್ನು ತಡೆಯುವ ಮಾತ್ರೆ. ಮೊಡವೆಗೆ ಮಹಿಳೆಯರಿಗೆ ಕೊಡುತ್ತಾರೆ. ಗಂಡಸರಲ್ಲಿ ಎದೆ ಊದಿಸಬಹುದು. ಅಕ್ಕನ ಮಾತ್ರೆಯನ್ನು ತಮ್ಮ ತಿನ್ನಬಾರದು.

ನಿಜವಾದ ಅಪಾಯ ಎಲ್ಲಿದೆ?
ಒಂದು, ಚೀಟಿಯಿಲ್ಲದೆ ಕೊಂಡು ಮುಖಕ್ಕೆ ಹಚ್ಚುವ ಸ್ಟೆರಾಯ್ಡ್ ಕ್ರೀಮ್. ಚರ್ಮ ತೆಳುವಾಗಿ ಮೊಡವೆ ಇನ್ನೂ ಹೆಚ್ಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿತು. ಎರಡು, ಜಿಮ್‌ನಲ್ಲಿ ಮೈ ಬೆಳೆಸಲು ಚುಚ್ಚಿಕೊಳ್ಳುವ ಸ್ಟೆರಾಯ್ಡ್. ಇದು ಮೊಡವೆಯನ್ನೂ ತರುತ್ತದೆ, ವೃಷಣವನ್ನೂ ಕುಗ್ಗಿಸುತ್ತದೆ, ವೀರ್ಯಾಣುವನ್ನೂ ಇಳಿಸುತ್ತದೆ. ಆಮೇಲೆ ಬೈಗುಳ ಮಾತ್ರ ಮೊಡವೆ ಮಾತ್ರೆಗೆ!

ಯಾರನ್ನು ಕೇಳಬೇಕು?
10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಕುಳಗೇರಿ ಕ್ರಾಸ್‌ನವರು ಬಾದಾಮಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. 14 ವರ್ಷ ತುಂಬಿದರೂ ವೃಷಣ ಬೆಳೆಯದಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ.

ತೀರ್ಮಾನ:
ಹೇಳಿಕೆ ಬಹುಮಟ್ಟಿಗೆ ತಪ್ಪು. ಹೆದರಿ ಚಿಕಿತ್ಸೆ ಬಿಟ್ಟರೆ ಮುಖದ ಕಲೆ ಜೀವನಪೂರ್ತಿ ಉಳಿಯಬಹುದು. ಔಷಧಿ ಶುರುವಾದ ಮೇಲೆ ಮನಸ್ಸು ಕುಗ್ಗಿದರೆ, ಲೈಂಗಿಕ ಬದಲಾವಣೆ ಕಂಡರೆ ಮುಚ್ಚಿಡದೆ ತಕ್ಷಣ ವೈದ್ಯರಿಗೆ ಹೇಳಿ. ಮನೆಯವರೂ ಬೈಯದೆ ಮಗನ ಮಾತು ಕೇಳಿ.